ಹುಣಸೆ ಮೂಗಿನ ಸೌತೆಕಾಯಿ

ಆಗ ನಾನು ಒಂಬತ್ತು ವರ್ಷದ ಚಿಕ್ಕವಳು. ಅದಾಗಿ ಅರವತ್ತು ವರ್ಷ ಕಳೆಯಿತು, ಮಕ್ಕಳೇ. ನಮ್ಮ ಮನೆ ಕಾಪುವಿನಲ್ಲಿತ್ತು. ನಾಲ್ಕು ಮಕ್ಕಳಲ್ಲಿ ನಾನೇ ದೊಡ್ಡವಳು. ನನ್ನ ಕೆಳಗೆ ಇಬ್ಬರು ತಂಗಿಯರು, ಕೊನೆಗೆ ತಮ್ಮ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಬೆಳಿಗ್ಗೆ ಮಡಿಲಲ್ಲಿ ಬೀಡಿ ಎಲೆ ತುಂಬಿದ ತಡ್ಪೆ ಇಟ್ಟುಕೊಂಡು ಜಗಲಿಯಲ್ಲಿ ಕೂತರೆ ಏಳುವುದು ಒಲೆಗೆ ಮತ್ತು ಮಕ್ಕಳಿಗೆ ಮಾತ್ರ. ಅವಳ ಸೀರೆ, ಕೂದಲು, ನಮಗೆ ತುತ್ತು ಕೊಡುವ ಬೆರಳು, ಎಲ್ಲಕ್ಕೂ ಹೊಗೆಸೊಪ್ಪಿನ ವಾಸನೆ. ಅಮ್ಮಂದಿರೆಲ್ಲ ಹಾಗೆಯೇ ಎಂದು ನಾವು ತಿಳಿದಿದ್ದೆವು.

ತಮ್ಮ ಹುಟ್ಟುವಾಗ ಕಷ್ಟವಾಯಿತು. ಅಮ್ಮನನ್ನು ಉಡುಪಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ನರ್ಸುಗಳನ್ನು ನೋಡಿ ಬಂದವಳು, ತಾನೂ ಹೆರಿಗೆ ನರ್ಸ್ ಆಗುತ್ತೇನೆ ಎಂದಳು. ಸೇವೆ ಗೀವೆ ಎಂದು ದೊಡ್ಡ ಮಾತು ಆಡಲಿಲ್ಲ. "ಕೂತು ಕೂತು ಸಾಕಾಯಿತು. ನಿಂತು ಮಾಡುವ ಕೆಲಸ ಬೇಕು" ಎಂದಳು, ಅಷ್ಟೇ. ಅವಳು ಏಳನೇ ಕ್ಲಾಸು ಓದಿದ್ದಳು. ತಮ್ಮ ಸ್ವಲ್ಪ ದೊಡ್ಡವನಾದ ಮೇಲೆ ಆಸ್ಪತ್ರೆಯವರು ಅವಳನ್ನು ಕಲಿಯಲು ಸೇರಿಸಿಕೊಂಡರು. ಅಜ್ಜಿಗೆ ನಗು ಬಂತು. ನಾಲ್ಕು ಹೆತ್ತವಳಿಗೆ ಇನ್ನೆಂತ ಕಲಿಯಲಿಕ್ಕುಂಟು ಎಂದು ಕೇಳಿದರು.

ತೊಂದರೆ ಬಂದದ್ದೇ ಆ ನಾಲ್ಕು ಹೆತ್ತದ್ದರಿಂದ. ನಮ್ಮಲ್ಲಿ ಮಗುವಿಗೆ ಮೀಯಿಸಿದ ಮೇಲೆ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಬೇಕು. ಇಲ್ಲದಿದ್ದರೆ ಚಪ್ಪಟೆಯಾಗುತ್ತದೆ ಎನ್ನುತ್ತಿದ್ದರು. ಅಜ್ಜಿ ಕಲಿಸಿದ್ದು, ಅಮ್ಮ ನಾಲ್ವರದ್ದೂ ಎಳೆದಿದ್ದಳು. ನನ್ನ ಮೂಗು ನೀವು ನೋಡಿದ್ದೀರಿ. ಎಳೆದದ್ದರಿಂದ ಏನೂ ಆಗಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಮಗುವಿನ ಮೂಗು ಮುಟ್ಟಲೇ ಬಾರದೆಂದು ಕಟ್ಟುನಿಟ್ಟು. ಅಮ್ಮನಿಗೆ ಅದು ತಲೆಗೆ ಹತ್ತಿತ್ತು, ಕೈಗೆ ಹತ್ತಿರಲಿಲ್ಲ. ಪರೀಕ್ಷೆಯ ದಿನ ರಬ್ಬರ್ ಗೊಂಬೆಗೆ ಚೆನ್ನಾಗಿ ಸ್ನಾನ ಮಾಡಿಸಿ, ಒರೆಸಿ, ಕೊನೆಗೆ ಎಲ್ಲರ ಎದುರು ಅದರ ಮೂಗು ಎಳೆದುಬಿಟ್ಟಳು. ಫೇಲು. ಇನ್ನೊಂದೇ ಸಲ ಅವಕಾಶ ಕೊಡುತ್ತೇವೆ ಎಂದರು. ಅದೂ ಹೋದರೆ ಮತ್ತೆ ಬೀಡಿ ಎಲೆ.

ಆಮೇಲೆ ನಮ್ಮ ಮನೆಯಲ್ಲಿ ಸೌತೆಕಾಯಿಗೆ ಸ್ನಾನ ಶುರುವಾಯಿತು. ಮಾಡಿನ ಅಡಿಯಲ್ಲಿ ಬಾಳೆನಾರಿನಿಂದ ಕಟ್ಟಿ ನೇತುಹಾಕಿದ ಬಣ್ಣದ ಸೌತೆಗಳಲ್ಲಿ ದೊಡ್ಡದೊಂದನ್ನು ಅಮ್ಮ ಬಿಚ್ಚಿಕೊಂಡಳು. ತಂಗಿಯರು ಇದ್ದಿಲಿನಿಂದ ಕಣ್ಣು ಬರೆದು, ಹುಣಸೆಹಣ್ಣಿನ ಉಂಡೆಯನ್ನು ಮೂಗಿನ ಜಾಗದಲ್ಲಿ ಮೆತ್ತಿದರು. ಅಮ್ಮ ನೀರು ಬಿಸಿ ಮಾಡಿ, ಮೊಣಕೈ ಅದ್ದಿ ನೋಡಿ, ಸೌತೆಗೆ ಮೀಯಿಸಿ, ಹಳೆಯ ಪಂಚೆಯಲ್ಲಿ ಸುತ್ತುತ್ತಿದ್ದಳು. ಕೊನೆಗೆ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು, ಮೂಗು ಕಿತ್ತು ಬೆರಳಿಗೆ ಬರುತ್ತಿತ್ತು. ಸಟ್ಟುಗ ಹಿಡಿದು ಪಕ್ಕದಲ್ಲಿ ಕೂತು, ಕೈ ಹೋದಾಗಲೆಲ್ಲ ಒಂದು ಬಿಗಿಯುವುದು ನನ್ನ ಕೆಲಸ. ಅಮ್ಮನಿಗೆ ಹೊಡೆಯುವ ಕೆಲಸ ಯಾವ ಮಗುವಿಗೆ ಬೇಡ? ಒಮ್ಮೆ ಅಪ್ಪ ಹೊರಗಿನಿಂದ ಬಂದವರು ಚಾಪೆಯ ಮೇಲೆ ಪಂಚೆ ಹೊದ್ದು ಮಲಗಿದ್ದ ಸೌತೆಯನ್ನು ಬಗ್ಗಿ ನೋಡಿದರು.

"ಇದು ಗಂಡಾ ಹೆಣ್ಣಾ ಮಾರಾಯ್ತಿ?"

"ನಾಳೆಗೆ ಸಾಂಬಾರು" ಎಂದಳು ಅಮ್ಮ.

ಮರುದಿನ ತಂಗಿಯರು ಆ ಸಾಂಬಾರು ಮುಟ್ಟಲಿಲ್ಲ. ನಾನು ತಿಂದೆ.

ಎರಡನೇ ಪರೀಕ್ಷೆಯ ದಿನ ತಮ್ಮನಿಗೆ ಶೀತ. ಅಮ್ಮನ ಸೆರಗು ಬಿಡಲೇ ಇಲ್ಲ. ಅವನನ್ನು ಎತ್ತಿಕೊಳ್ಳಲು ನಾನೂ ಬಸ್ಸಿನಲ್ಲಿ ಉಡುಪಿಗೆ ಹೋದೆ. ಆಸ್ಪತ್ರೆಯ ಜಗಲಿ ಫಿನಾಯಿಲ್ ಹಾಕಿ ಒರೆಸಿ ತಣ್ಣಗಿತ್ತು. ಕಿಟಕಿಯ ಸರಳು ಹಿಡಿದು ಒಳಗೆ ನೋಡಿದೆ. ಈ ಸಲ ಗೊಂಬೆ ಇರಲಿಲ್ಲ. ಹಿಂದಿನ ದಿನ ಹುಟ್ಟಿದ ನಿಜವಾದ ಮಗು, ಕೆಂಪಗೆ, ಮುಷ್ಟಿ ಬಿಗಿದುಕೊಂಡು ಅಳುತ್ತಿತ್ತು. ಮೂಗು ಬೇರೆ ಅಪ್ಪಟ ಚಪ್ಪಟೆ. ನೋಡಿದರೆ ನನಗೇ ಎಳೆಯುವ ಮನಸ್ಸಾಗುತ್ತಿತ್ತು. ಅಮ್ಮನನ್ನು ಮತ್ತೆ ಬೀಡಿಗೆ ಕಳಿಸಲು ಆ ಮೂಗೊಂದು ಸಾಕಿತ್ತು. ಸಟ್ಟುಗ ಮನೆಯಲ್ಲಿತ್ತು.

ಪರೀಕ್ಷೆ ಮಾಡುವ ದೊಡ್ಡ ಸಿಸ್ಟರ್ ಕೈ ಕಟ್ಟಿ ನಿಂತಿದ್ದರು. ಅಮ್ಮ ಮೀಯಿಸಿದಳು, ಕಣ್ಣು ಒರೆಸಿದಳು, ಬಟ್ಟೆ ಸುತ್ತಿದಳು. ಆಮೇಲೆ ಅವಳ ಬಲಗೈ ಮೆಲ್ಲಗೆ ಮೇಲೆ ಬಂತು. ಮಗುವಿನ ಮೂಗಿನ ಹತ್ತಿರ ಬಂದು, ಎರಡು ಬೆರಳು ಚಾಚಿಕೊಂಡು ನಿಂತಿತು. ಅಮ್ಮ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಕೆಳಗೆ ಎಳೆದುಕೊಂಡಳು, ತುಂಟ ಮಗುವನ್ನು ಎಳೆದುಕೊಂಡ ಹಾಗೆ.

"ಎಂತ ಆಯಿತು ಆ ಕೈಗೆ?" ಎಂದು ಸಿಸ್ಟರ್ ಕೇಳಿದರು.

"ಅದಕ್ಕೊಂದು ಹಳೆಯ ಚಾಳಿ ಉಂಟು ಸಿಸ್ಟರ್. ನಾನು ಹಿಡಿದುಕೊಂಡಿದ್ದೇನೆ."

ಸಿಸ್ಟರ್ ಗೋಡೆ ಕಡೆ ತಿರುಗಿ ನಿಂತರು. ಭುಜ ಕುಣಿಯುವುದನ್ನು ನೋಡಿ ನಗುತ್ತಿದ್ದಾರೆಂದು ಗೊತ್ತಾಯಿತು. ತಿರುಗಿ ಬಂದು, "ಬಿಡಬೇಡಿ, ಹಿಡಿದುಕೊಂಡೇ ಇರಿ. ನಾಳೆಯಿಂದ ಡ್ಯೂಟಿಗೆ ಬನ್ನಿ" ಎಂದರು.

ಮನೆಗೆ ಬಂದಾಗ ಅಜ್ಜಿ ಕೇಳಿದ್ದು ಒಂದೇ, ಆ ಮಗುವಿನ ಮೂಗು ಎಳೆದೆಯಾ ಎಂದು. ಇಲ್ಲ ಎಂದಳು ಅಮ್ಮ. "ಪಾಪದ ಮಗು" ಎಂದರು ಅಜ್ಜಿ.

ನೀವೆಲ್ಲ ಮಣಿಪಾಲದ ಆಸ್ಪತ್ರೆಯಲ್ಲಿ ಹುಟ್ಟಿದವರು. ನಿಮ್ಮ ಮೂಗು ಯಾರೂ ಎಳೆಯಲಿಲ್ಲ, ಕೆಲವರದ್ದು ಚೆನ್ನಾಗಿಯೇ ಉಂಟು. ನಿಮ್ಮ ಅಮ್ಮಂದಿರು ಕೆಲಸಕ್ಕೆ ಹೋಗುವಾಗ ನಿಮ್ಮನ್ನು ನೋಡಿಕೊಳ್ಳಲು ಬಾಲವಾಡಿ, ಶಾಲೆಯ ವ್ಯಾನು, ಟಿಫಿನ್ ಡಬ್ಬ, ಮೊಬೈಲು ಎಲ್ಲ ಉಂಟು. ನಮ್ಮ ಮನೆಯಲ್ಲಿ ಅಷ್ಟೂ ಸೇರಿ ನಾನೊಬ್ಬಳೇ. ತಮ್ಮ ಓಡುವುದಕ್ಕೆ ಕಲಿತಿದ್ದ, ಅವನ ಹಿಂದೆ ಓಡಲು ಅಜ್ಜಿಯ ಮೊಣಗಂಟು ಕೇಳುತ್ತಿರಲಿಲ್ಲ. ನನ್ನ ಶಾಲೆ ಮೂರನೇ ಕ್ಲಾಸಿಗೆ ನಿಂತಿತು. ಅದಕ್ಕೆ ಮುಖ ಸಣ್ಣ ಮಾಡಬೇಡಿ. ನನಗೆ ಮಗ್ಗಿ ಬರುತ್ತಿರಲಿಲ್ಲ, ಮಾಸ್ಟರರಿಗೂ ನನ್ನ ಉಪದ್ರ ತಪ್ಪಿತು.

ಪರೀಕ್ಷೆಯ ಮರುದಿನ ಬೆಳಿಗ್ಗೆ ಅಮ್ಮ ಬಿಳಿ ಸೀರೆ ಉಟ್ಟು ಮೊದಲ ಬಸ್ಸಿಗೆ ಹೋದಳು. ನಾನು ಗಂಜಿ ಬೇಯಿಸಿ, ಆರಿಸಿ, ತಮ್ಮನ ಬಾಯಿಗೆ ಇಟ್ಟೆ. ಅವನು ನುಂಗಿ, ನನ್ನ ಮುಖ ನೋಡಿ "ಅಮ್ಮ" ಎಂದ. ತಲೆಗೆ ಮೆಲ್ಲಗೆ ಒಂದು ಮೊಟಕಿ, "ಅಕ್ಕ" ಎಂದು ಹೇಳಿಕೊಟ್ಟೆ.