ಕೇಳಿಸಿಕೊಳ್ಳುವುದನ್ನು ಕಲಿಸಿದ ಮೃಣಾಲಿನಿ ಮೇಡಂ

ಮನೋಚಿಕಿತ್ಸೆಯ ಕ್ಷೇತ್ರದಲ್ಲಿ ರೋಗಿಗಳನ್ನು ಗುಣಪಡಿಸಿದವರ ಹೆಸರು ಜನರ ಬಾಯಲ್ಲಿ ಉಳಿಯುತ್ತದೆ. ಗುಣಪಡಿಸುವವರನ್ನು ತಯಾರು ಮಾಡಿದವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಡಾ. ಮೃಣಾಲಿನಿ ಮೇಡಂ ಅವರು ಈ ಎರಡನೆಯ ಬಗೆಯವರು. ಖಿನ್ನತೆಯಿಂದ ಒಮ್ಮೆ ಚೇತರಿಸಿಕೊಂಡವರು ಮತ್ತೆ ಅದರೊಳಗೆ ಜಾರದಂತೆ, ಉಸಿರನ್ನೂ ಮೈಯನ್ನೂ ಮನಸ್ಸಿಗೆ ಬಂದುಹೋಗುವ ವಿಚಾರಗಳನ್ನೂ ಗಮನಿಸಲು ಗುಂಪಿನಲ್ಲಿ ಕೂಡಿಸಿ ಕಲಿಸುವ ಮೈಂಡ್‌ಫುಲ್‌ನೆಸ್ ಆಧಾರಿತ ಅರಿವಿನ ಚಿಕಿತ್ಸೆಯನ್ನು ಇಂಡಿ, ಸಿಂದಗಿ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ನೆಲೆಗೊಳಿಸಿದವರು ಅವರೇ. ಈ ಸಾಲಿನಲ್ಲಿ ಮುದ್ದೇಬಿಹಾಳದ ಹೆಸರನ್ನು ಬರೆಯಲಾಗದ ನೋವು ಅವರಿಗೂ ಇದೆ, ಅವರ ಶಿಷ್ಯೆಯಾದ ನನಗೂ ಇದೆ. ಅವರ ನಿವೃತ್ತಿಯ ಈ ಅಭಿನಂದನ ಗ್ರಂಥದಲ್ಲಿ ಆ ಮಾತೇಕೆ ಎಂದು ಸಂಪಾದಕರು ಕೇಳಿದರು. ಅದನ್ನು ಬಿಟ್ಟರೆ ಮೇಡಂ ಅವರ ಬಗ್ಗೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ನಾನು ಇಂಗಳೇಶ್ವರದವಳು. ನಮ್ಮಜ್ಜಿ ಕಥೆ ಹೇಳುವಾಗ ಹೂಂಗುಟ್ಟಲು ಒಬ್ಬರನ್ನು ಎದುರಿಗೆ ಕೂಡಿಸಿಕೊಳ್ಳುತ್ತಿದ್ದಳು. ಹೂಂಗುಟ್ಟುವವರು ನಡುವೆ ಬಾಯಿ ಹಾಕಿದರೆ ಕಥೆ ಅಲ್ಲಿಗೇ ನಿಂತುಬಿಡುತ್ತಿತ್ತು. ಆಪ್ತಸಮಾಲೋಚಕಿಯಾಗಿ ಮೇಡಂ ಅವರ ತರಬೇತಿಗೆ ಸೇರಿದಾಗ ನಾನು ಮತ್ತೆ ಕಲಿತದ್ದು ಅದನ್ನೇ. ಗುಂಪು ನಡೆಸಲು ಬಂದವರನ್ನೆಲ್ಲ ಅವರು ಮೊದಲು ಗುಂಪಿನ ಸದಸ್ಯರಾಗಿ ಜಮಖಾನೆಯ ಮೇಲೆ ಕೂಡಿಸುತ್ತಿದ್ದರು. ಆಮೇಲೆ ನಾವು ನಡೆಸುವಾಗ ತಾವು ಹಿಂದೆ ಕುಳಿತು ನೋಡುತ್ತಿದ್ದರು. ತಪ್ಪನ್ನು ಎಂದೂ ನಾಲ್ಕು ಜನರೆದುರು ಎತ್ತಿ ಆಡಿದವರಲ್ಲ. ಹೆರಿಗೆಯಾದ ಮೇಲೆ ನಾನು ಗೊಳಸಂಗಿಯ ಗುಂಪಿಗೆ ಕೂಸನ್ನು ಎತ್ತಿಕೊಂಡೇ ಹೋಗಬೇಕಾದಾಗ, ನನ್ನ ಕೆಲಸ ಮುಗಿಯುವವರೆಗೆ ಕಿಟಕಿಯ ಹೊರಗೆ ಕುಳಿತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತ, ಅಲ್ಲಿಂದಲೇ ನನ್ನ ಮಾತಿಗೆ ಕಿವಿಗೊಟ್ಟವರು ಅವರು. "ನಿನ್ನ ಮಗಳು ನಿನಗಿಂತ ಛಂದ ಕೇಳಿಸ್ಕೋತಾಳ ನೋಡವಾ" ಎಂದು ನಗುತ್ತ ಚಾಷ್ಟಿ ಮಾಡಿದ್ದರು.

ಮುದ್ದೇಬಿಹಾಳಕ್ಕೆಂದು ಅವರು ತಯಾರು ಮಾಡುತ್ತಿದ್ದವರು ಅದೇ ಊರಿನ ಆಪ್ತಸಮಾಲೋಚಕ ಧರೆಪ್ಪನವರು. ಮಠದಲ್ಲಿ ಪುರಾಣ ಹೇಳಿ ಪಳಗಿದ ನಾಲಿಗೆ, ಹಾಲಿನಂಥ ಮನಸ್ಸು. ಅವರ ಪರೀಕ್ಷೆಯ ಗುಂಪು ಝಳಕಿಯಲ್ಲಿ ನಡೆಯಿತು. ಮೊದಲ ಪಾಠದಲ್ಲಿ ಎಲ್ಲರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಕೊಟ್ಟು, ಹಿಂದೆಂದೂ ಕಾಣದ ವಸ್ತುವೆಂಬಂತೆ ನೋಡಲು ಹೇಳುವುದು ಈ ಚಿಕಿತ್ಸೆಯ ಕ್ರಮ. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೂಲಿ ಮಾಡುವ ಸಾವಂತ್ರವ್ವ ನಕ್ಕೇಬಿಟ್ಟಳು.

"ಎಂಥಾ ಹೊಸಾದ್ರಿ ಸರ? ಇದನ್ನ ಆರಿಸಿ ಆರಿಸಿ ನನ್ನ ಕಣ್ಣ ಮಂಜಾಗ್ಯಾವ!"

ಎಲ್ಲರೂ ನಕ್ಕರು. ಆಕೆ ಅದನ್ನು ಮೂಗಿನ ಹತ್ತಿರ ಹಿಡಿದಳು, ದನಿ ಇಳಿಯಿತು. "ನನ್ನ ಮಗಳೂ ಬಾಜೂಕ ಕುಂತ ಆರಸ್ತಿದ್ಲರಿ. ಈ ವಾಸನಿ ಬಂತಂದ್ರ ಆಕಿ ಹೋದ ದಿನಾನ..."

ಆಕೆ ಮುಗಿಸುವ ಮೊದಲೇ ಧರೆಪ್ಪನವರು ಬಾಯಿ ಹಾಕಿದರು. ಶಿವನ ಇಚ್ಛೆ, ಸಂಸಾರದ ಮಾಯೆ, ಋಣಾನುಬಂಧ ಎಂದು ಅಮೃತದಂಥ ಮಾತುಗಳನ್ನು ಬಹಳ ಹೊತ್ತು ಆಡಿದರು. ಸಾವಂತ್ರವ್ವ "ಖರೇ ಐತ್ರಿ" ಎಂದು ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡಳು. ಆಮೇಲೆ ಆ ಗುಂಪಿನಲ್ಲಿ ತುಟಿ ತೆರೆಯಲಿಲ್ಲ.

"ಭಾಳ ಛಂದ ಮಾತಾಡಿದ್ರಿ ಧರೆಪ್ಪ" ಎಂದರು ಮೇಡಂ, ಎಲ್ಲರೂ ಹೋದ ಮೇಲೆ. "ಆದ್ರ ಆಕಿ ಏನ ಹೇಳ್ಲಿಕ್ಕತ್ತಿದ್ಲು, ಅದು ನಮಗ ಗೊತ್ತಾಗ್ಲಿಲ್ಲ."

"ಹಂಗಂದ್ರ ಬಾಯಿ ಹೊಲಕೊಂಡ ಕುಂಡರ್ಲೇನ್ರಿ ಮೇಡಂ? ಅಳೂ ಮಂದಿಗೆ ಸಮಾಧಾನ ಹೇಳಬಾರದೇನ್ರಿ?"

"ಹೊಲ್ಕೋಬ್ಯಾಡ್ರಿ. ತುಸು ತಡೀರಿ."

ಎರಡನೆಯ ಪರೀಕ್ಷೆಯ ಗುಂಪಿನಲ್ಲೂ ಧರೆಪ್ಪನವರಿಂದ ತಡೆಯಲಾಗಲಿಲ್ಲ. ಮೇಡಂ ಒಪ್ಪಿಗೆ ಕೊಡಲಿಲ್ಲ. ಮುದ್ದೇಬಿಹಾಳದಲ್ಲಿ ಕೊಠಡಿ ಸಿಕ್ಕಿದೆ, ಜನ ಕಾಯುತ್ತಿದ್ದಾರೆ, ಸಹಿ ಮಾಡಿಬಿಡಿ ಎಂದು ಮೇಲಿನವರು ಒತ್ತಾಯಿಸಿದಾಗ, "ಮತ್ತ ಬೀಳ್ತೇವಿ ಅಂತ ಅಂಜಿಕೊಂಡ ಬಂದವರ ಮುಂದ ಅವಸರದಾಗ ಯಾರನ್ನೂ ಕೂಡಸೂದಿಲ್ಲ" ಎಂದರು. ಅದು ಸರಿಯಾದ ಮಾತು. ಆದರೆ ನೊಂದ ಧರೆಪ್ಪನವರು ಬೇರೆ ಕಚೇರಿ ಕೆಲಸ ಕೇಳಿ ಪಡೆದು ತರಬೇತಿ ಬಿಟ್ಟರು. ಅವರ ಜಾಗಕ್ಕೆ ಮತ್ತೊಬ್ಬರು ಬರಲಿಲ್ಲ. ಮುದ್ದೇಬಿಹಾಳದವರು ಬಸ್ಸು ಹತ್ತಿ ಬಾಗೇವಾಡಿಯ ಗುಂಪಿಗೆ ಬರತೊಡಗಿದರು. ಬರುಬರುತ್ತ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು.

ಮೇಡಂ ಅವರ ಬೀಳ್ಕೊಡುಗೆಗೆ ಧರೆಪ್ಪನವರೂ ಬಂದಿದ್ದರು. ಸಭೆ ಮುಗಿದ ಮೇಲೆ ನಮ್ಮ ಜೀಪಿನ ಚಾಲಕ ಗೈಬುಸಾಬರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದರು. ಗೈಬುಸಾಬರ ಹೆಂಡತಿ ತೀರಿಕೊಂಡು ಕೆಲವೇ ತಿಂಗಳಾಗಿತ್ತು.

"ಮನಿ ಕೀಲಿ ತಗದ ಕೂಡ್ಲೆ ಎದಿ ಹಿಡದಂಗ ಆಗತೈತಿ, ಧರೆಪ್ಪಣ್ಣ."

ಧರೆಪ್ಪನವರು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಈಗ ನನಗ ಹೇಳೂ ಮುಂದೂ ಅದು ಐತೇನ್ರಿ?"

"ಐತಿ. ಇಲ್ಲೇ."

"ಹ್ಞೂಂ."

ಗೈಬುಸಾಬರು ಎದೆಯ ಮೇಲೆ ಕೈಯಿಟ್ಟುಕೊಂಡು ಮಾತಾಡುತ್ತಲೇ ಹೋದರು. ಧರೆಪ್ಪನವರು ಒಂದು ಮಾತನ್ನೂ ಸೇರಿಸಲಿಲ್ಲ. ಬಾಗಿಲಲ್ಲಿ ನನ್ನೊಡನೆ ನಿಂತಿದ್ದ ಮೇಡಂ ಅವರ ಕೈಯಲ್ಲಿದ್ದ ಚಹಾ ಆರಿಹೋಗಿತ್ತು.

"ಅವರು ತಯಾರಾಗ್ಯಾರ" ಎಂದರು. "ಇನ್ನೊಮ್ಮೆ ಕರೀಬೇಕಾಗಿತ್ತು ನಾ. ಅವರಾಗೇ ಬರ್ತಾರಂತ ಕಾಯ್ಕೋತ ಕೂತೆ."

ಅವರ ಮನೆದೇವರಾದ ವಿಠ್ಠಲನು ಮೇಡಂ ಅವರಿಗೆ ತುಂಬು ಆಯುಷ್ಯವನ್ನೂ ನೆಮ್ಮದಿಯ ನಿದ್ರೆಯನ್ನೂ ಕೊಡಲಿ ಎಂದು ಕೈಮುಗಿಯುತ್ತೇನೆ. ನಿವೃತ್ತಿಯ ಆದೇಶವು ಸಹಿ ಮಾಡುವ ಅಧಿಕಾರವನ್ನು ಹಿಂದಕ್ಕೆ ಪಡೆದಿರಬಹುದು. ಕಲಿಸುವ ಅಧಿಕಾರವನ್ನು ಕೊಟ್ಟವನು ಬೇರೆಯವನು, ಅವನಿನ್ನೂ ಅದನ್ನು ಹಿಂದಕ್ಕೆ ಕೇಳಿಲ್ಲ. ಗುಂಪು ಬಿಟ್ಟುಹೋದವರು ಮುದ್ದೇಬಿಹಾಳದಲ್ಲೇ ಇದ್ದಾರೆ; ಅವರಲ್ಲಿ ಮತ್ತೆ ಜಾರಿದವರೆಷ್ಟು ಜನರೋ ನಮಗೆ ತಿಳಿಯದು. ಆದ್ದರಿಂದ ಮೇಡಂ, ನಿಮ್ಮ ಮುಂದಿನ ದಿನಗಳಲ್ಲಿ ಕೆಲವನ್ನು ಅವರಿಗಾಗಿ ಬೇಡುತ್ತಿದ್ದೇನೆ. ಧರೆಪ್ಪನವರಿಗೆ ನಾನು ಫೋನು ಮಾಡಬಲ್ಲೆ. ಆದರೆ ಅವರು ಕಾಯುತ್ತಿರುವುದು ನಿಮ್ಮ ಕರೆಗೆ.