ಎರಡು ಇಂಚು ತಗ್ಗಿದ ಗಾಡಿಯಲ್ಲಿ ಗುಂಡ್ಲುಪೇಟೆಗೆ

ತೊಂಬತ್ತೆಂಟರ ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಆರೂವರೆಗೆ ಅಶೋಕಪುರಂನ ಮನೆಯಿಂದ ಬೈಕಿನಲ್ಲಿ ಹೊರಟೆವು. ಗೋಪಾಲಸ್ವಾಮಿ ಬೆಟ್ಟ ನೋಡಿಕೊಂಡು ಸಂಜೆಗೆ ವಾಪಸಾಗುವ ಯೋಚನೆ. ಹಿಂದೆ ಹೆಂಡತಿ ಗಿರಿಜಾ, ಅವಳ ಬೆನ್ನಿಗೆ ಕ್ಯಾರಿಯರ್ ಮೇಲೆ ಬಿಗಿದ ಚೀಲದಲ್ಲಿ ಚಿತ್ರಾನ್ನ, ನೀರು, ಕಂಬಳಿ. ಮದುವೆಯಾದ ಮೇಲೆ ಮೊದಲ ಸಲ ಚೂಡಿದಾರ್ ತೊಟ್ಟು, ಎರಡೂ ಕಡೆ ಕಾಲು ಹಾಕಿ ಕೂತಿದ್ದಳು.

ಬೈಕು ಸೆಕೆಂಡ್ ಹ್ಯಾಂಡ್, ಎತ್ತರದ್ದು. ನಾನು ಐದಡಿ ಒಂದಿಂಚು. ಗಿರಿಜಾ ನನಗಿಂತ ಅರ್ಧ ಅಡಿ ಎತ್ತರ. ಸಿಗ್ನಲ್‌ನಲ್ಲಿ ನಿಂತರೆ ನನ್ನ ಕಾಲ್ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು. ಆಫೀಸಿನವರು ಏಣಿ ಕೊಡಿಸೋಣವೇ ಎಂದು ಕೇಳಿದ ವಾರವೇ ವಿಜಯನಗರದ ಒಬ್ಬ ಮೆಕ್ಯಾನಿಕ್ಕನ್ನು ಹಿಡಿದೆ. ಹ್ಯಾಂಡಲ್ ಬಳಿಯ ಬೋಲ್ಟು ಸಡಿಲಿಸಿ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕೊಳವೆಗಳನ್ನು ಎರಡಿಂಚು ಮೇಲಕ್ಕೆ ಸರಿಸಿದರೆ ಗಾಡಿಯ ಮೂತಿ ಅಷ್ಟು ಕೆಳಗಿಳಿಯುತ್ತದೆ, ಸೀಟೂ ತುಸು ತಗ್ಗುತ್ತದೆ. ಆತ ಎರಡು ಸಲ ಆಗುವುದಿಲ್ಲವೆಂದ. ಮೂರನೆಯ ಸಲ ನನ್ನ ಕಾಟ ತಾಳದೆ ಮಾಡಿಕೊಟ್ಟ. ಊರೊಳಗೆ ಮಾತ್ರ ಓಡಿಸಿ ಎಂದೂ ಹೇಳಿದ. ಗಿರಿಜಾಗೆ ನಾನು ಇದೊಂದನ್ನೂ ತಿಳಿಸಲಿಲ್ಲ. ಊರೊಳಗೆ ಗಾಡಿ ಎಷ್ಟು ಸಲೀಸಾಗಿ ತಿರುಗುತ್ತಿತ್ತೆಂದರೆ, ಮೆಕ್ಯಾನಿಕ್ಕಿಗೇ ಏನೂ ಗೊತ್ತಿಲ್ಲ ಅಂದುಕೊಂಡಿದ್ದೆ.

ನಂಜನಗೂಡಿನಲ್ಲಿ ಇಡ್ಲಿ, ವಡೆ, ಕಾಫಿ. ಇಬ್ಬರಿಗೂ ಸೇರಿ ಇಪ್ಪತ್ತೆರಡು ರೂಪಾಯಿ. ಮಂಜು ಕರಗಿ ಬಿಸಿಲು ಬಂದಿತ್ತು. ಬೇಗೂರು ದಾಟಿದ ಮೇಲೆ ರಸ್ತೆ ಖಾಲಿ. ಸ್ಪೀಡೋಮೀಟರಿನ ಮುಳ್ಳು ಎಪ್ಪತ್ತು ದಾಟಿತು.

ಹ್ಯಾಂಡಲ್ ಮೊದಲು ಸಣ್ಣಗೆ ನಡುಗಿತು. ಬಿಗಿಯಾಗಿ ಹಿಡಿದೆ. ನಡುಕ ಹೆಚ್ಚಿ, ಎಡಕ್ಕೂ ಬಲಕ್ಕೂ ಪಟಪಟನೆ ಹೊಡೆದುಕೊಳ್ಳತೊಡಗಿತು. ಎದುರಿಗೆ ಲಾರಿ. ಆಕ್ಸಿಲರೇಟರ್ ಬಿಟ್ಟೆ ಅನ್ನುವುದಷ್ಟೇ ನೆನಪು. ಗಾಡಿ ರಸ್ತೆ ಪಕ್ಕದ ಮಣ್ಣಿಗಿಳಿದು ನಿಂತಾಗ ಲಾರಿ ಹಾರನ್ ಹೊಡೆಯುತ್ತಾ ದಾಟಿ ಹೋಯಿತು. ಬೀಸೋ ದೊಣ್ಣೆ ತಪ್ಪಿತ್ತು. ಗಿರಿಜಾ ಇಳಿದು ಮೈಲಿಗಲ್ಲಿನ ಮೇಲೆ ಕೂತುಬಿಟ್ಟಳು.

ಇಪ್ಪತ್ತರ ವೇಗದಲ್ಲಿ ಗುಂಡ್ಲುಪೇಟೆ ಮುಟ್ಟಿದೆವು. ಬಸ್ ಸ್ಟ್ಯಾಂಡಿನ ಹತ್ತಿರ ಗಂಗಣ್ಣನೆಂಬುವವರ ಗ್ಯಾರೇಜ್ ತೆರೆದಿತ್ತು. ಹ್ಯಾಂಡಲ್ಲಿನ ಕೋನ್ ಸೆಟ್, ಅಂದರೆ ಅದು ತಿರುಗುವ ಬೇರಿಂಗು, ಸಡಿಲವಾಗಿರಬೇಕು ಎಂದು ನಾನೇ ಮೊದಲು ಹೇಳಿದೆ. ಹಾಗೇ ಆಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವರು ಮುಂದಿನ ಚಕ್ರ ಎತ್ತಿ ಅಲ್ಲಾಡಿಸಿ ನೋಡಿದರು.

“ಕೋನ್ ಸೆಟ್ ಗಟ್ಟಿಯಾಗೇ ಅದೆ ಸ್ವಾಮಿ. ಇದ್ನ ತಗ್ಗಿಸ್ದೋರು ಯಾರು?”

ನಾನು ಕ್ಯಾರಿಯರ್ ಮೇಲಿನ ಚೀಲ ಬಿಚ್ಚತೊಡಗಿದೆ. ಅವರು ಹ್ಯಾಂಡಲ್ಲಿನ ಕಂಬದ ಓರೆಗೆ ಸರಿಯಾಗಿ ಒಂದು ಕೋಲು ಹಿಡಿದು, ಅದು ನೆಲ ಮುಟ್ಟಿದಲ್ಲಿ ಒಂದು ಕಲ್ಲಿಟ್ಟರು. ಟೈರು ನೆಲ ಮುಟ್ಟುವಲ್ಲಿ ಇನ್ನೊಂದು. ಟೈರಿನ ಕಲ್ಲು ಹಿಂದಿತ್ತು. ಆ ಅಂತರ ಇರುವುದರಿಂದಲೇ ಚಕ್ರ ಅತ್ತಿತ್ತ ಸರಿದರೂ ರಸ್ತೆಯೇ ಅದನ್ನು ಎಳೆದು ನೇರಕ್ಕೆ ತರುತ್ತದಂತೆ. ಮೂತಿ ತಗ್ಗಿದರೆ ಓರೆ ಕಡಿಮೆಯಾಗಿ ಅಂತರ ಕುಗ್ಗುತ್ತದೆ. ಗಾಡಿ ಸುಲಭವಾಗಿ ತಿರುಗುತ್ತದೆ, ಆದರೆ ನೇರಕ್ಕೆ ಮರಳುವ ಬಲ ಕಳೆದುಕೊಳ್ಳುತ್ತದೆ. ಅದರ ಮೇಲೆ ಹಿಂದೆ ಅಷ್ಟು ಭಾರ. ನಾಲ್ಕು ಬೆರಳಿರಬೇಕಾದ ಕಡೆ ಮೂರೇ ಉಳಿದಿದೆ ಎಂದು ಕಲ್ಲುಗಳ ನಡುವೆ ಬೆರಳಿಟ್ಟು ತೋರಿಸಿದರು. ನಾನು ಬಗ್ಗಿ ನನ್ನ ಬೆರಳಿಟ್ಟೂ ನೋಡಿದೆ. ಒಂದೇ ಒಂದು ಬೆರಳಿನ ಅಂತರಕ್ಕೆ ಇಬ್ಬರೂ ಹೋಗಿಬಿಡುತ್ತಿದ್ದೆವು ಎನ್ನುವುದನ್ನು ನಂಬಲು ಆಗಲಿಲ್ಲ.

ಎದ್ದಾಗ ಗಿರಿಜಾ ಹಿಂದೆಯೇ ನಿಂತಿದ್ದಳು. ನಿಜ ಹೇಳಿದೆ.

“ಕುಳ್ಳ ಅಂತ ಗೊತ್ತಿದ್ದೇ ಅಲ್ವೇನ್ರೀ ನಿಮ್ಮನ್ನ ಒಪ್ಕೊಂಡಿದ್ದು,” ಅಂದಳು. “ಇದನ್ನ ನನ್ನ ಹತ್ರ ಮುಚ್ಚಿಟ್ಟು, ಹಿಂದೆ ಕೂರಿಸ್ಕೊಂಡು ಬಂದ್ಬುಟ್ರಲ್ಲ.”

ನಾನು ಗಂಗಣ್ಣನವರ ಕಡೆ ತಿರುಗಿ, ಮೊದಲಿದ್ದ ಹಾಗೆ ಮಾಡಿಕೊಡಿ ಎಂದೆ.

ಕೊಳವೆಗಳನ್ನು ಮೊದಲಿನಂತೆ ಕೂರಿಸಲು ಒಂದು ಗಂಟೆ ಹಿಡಿಯಿತು, ನಲವತ್ತು ರೂಪಾಯಿ. ಬೆಟ್ಟ ಬೇಡ ಎಂದಳು ಗಿರಿಜಾ. ಗ್ಯಾರೇಜಿನ ನೆರಳಿನಲ್ಲೇ ಚಿತ್ರಾನ್ನ ತಿಂದು ಹಿಂದಿರುಗಿದೆವು. ಐವತ್ತು ದಾಟಿಸಲಿಲ್ಲ; ಹ್ಯಾಂಡಲ್ ಮಿಸುಕಲಿಲ್ಲ. ದಾರಿಯುದ್ದಕ್ಕೂ ಅವಳು ನನ್ನ ಭುಜ ಬಿಟ್ಟು ಕ್ಯಾರಿಯರ್ ಹಿಡಿದು ಕೂತಿದ್ದಳು.

ಕಡಕೊಳದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ನಿಲ್ಲಿಸಿದೆ. ನನ್ನ ಕಾಲು ನೆಲ ಹುಡುಕುವಷ್ಟರಲ್ಲಿ ಗಾಡಿ ಎಡಕ್ಕೆ ವಾಲಿತು. ಗಿರಿಜಾ ಕಾಲೂರಿ ತಡೆದಳು. ಪಕ್ಕದ ಬಸ್ಸಿನ ಕಿಟಕಿಯಲ್ಲಿ ಯಾರೋ ನಕ್ಕರು. ನಾನು ಇಳಿಯಲು ಹೊರಟೆ.

“ಕೂತ್ಕೊಳಿ,” ಅಂದಳು. “ನಾನು ಹಿಡ್ಕೊಂಡಿದೀನಿ.”

ರೈಲು ದಾಟಿ ಗೇಟು ಮೇಲೇಳುವವರೆಗೂ, ಅಷ್ಟು ಜನರ ಎದುರಿಗೆ, ಗಾಡಿಯನ್ನೂ ನನ್ನನ್ನೂ ಅವಳೇ ನಿಲ್ಲಿಸಿಕೊಂಡಿದ್ದಳು.