ತೀರ್ಥ ಬೇಡವೆಂದ ದುರ್ಗಮ್ಮ

ದುರ್ಗಮ್ಮನ ಮನೆಯಲ್ಲಿ ‘ಬಂತು’ ಎಂದರೆ ಏನು ಬಂತು ಎಂದು ಯಾರೂ ಕೇಳುವುದಿಲ್ಲ. ಮೊಮ್ಮಗಳು ಕಾವ್ಯಶ್ರೀಗೆ ಅದು ಮೊದಲ ಸಲ ಬಂದದ್ದು ನಿಲ್ಕುಂದದ ಗುಡಿಯಲ್ಲಿ, ನವರಾತ್ರಿಯ ಪೂಜೆಗೆ ಡೋಲು ಬಡಿಯುತ್ತಿದ್ದಾಗ. ಹುಡುಗಿಯ ಕಣ್ಣು ಮೇಲೆ ಹೋಯಿತು, ನಡುಗುತ್ತ ಬಿದ್ದಳು. ಅಮ್ಮನೇ ಮೈಮೇಲೆ ಬಂದಳೆಂದು ಊರು ಕೈಮುಗಿಯಿತು. ಅಂದಿನಿಂದ ಗುಡಿಯಲ್ಲಿ ಮೊದಲ ಹೂವು ಅವಳಿಗೆ. ಪಕ್ಕದ ಮನೆಯ ಹೊನ್ನಿ ಯಾರಿಗೂ ತಲೆಬಾಗದವಳು, ಬಸ್ಸಿನಲ್ಲಿ ಈ ಹನ್ನೊಂದರ ಹುಡುಗಿಗೆ ಎದ್ದು ಜಾಗ ಕೊಡತೊಡಗಿದಳು.

ದುರ್ಗಮ್ಮನೂ ನಂಬಿದ್ದಳು. ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಅವಳು ದೇವರಿಗೆ ದೀಪ ಹಚ್ಚದೆ ಒಲೆ ಹಚ್ಚಿದವಳಲ್ಲ. ಆದರೆ ಎರಡನೆಯ ಸಲ ಬಂದದ್ದು ಊಟದ ಬಟ್ಟಲಿನ ಮುಂದೆ. ಆಮೇಲೆ ನಿದ್ದೆಯಲ್ಲಿ, ಹಾಸಿಗೆ ಒದ್ದೆಯಾಗಿತ್ತು. ಅಮ್ಮ ಬಂದರೆ ಹೀಗಾಗುತ್ತದೆಯೇ ಎಂಬ ಸಂಶಯವನ್ನು ಅವಳು ದೇವರ ಮುಂದೆಯೇ ಹೇಳಿಕೊಂಡು ಮಗುವನ್ನು ಶಿರಸಿಗೆ ಕರೆದೊಯ್ದಳು. ಹುಡುಗಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಡಾಕ್ಟರು ಹೇಳಿದರು: ಇದು ಮೂರ್ಛೆರೋಗ, ಗುಳಿಗೆ ತಪ್ಪಿಸಬೇಡಿ. ಬಂದಾಗ ಮಗ್ಗುಲಿಗೆ ಮಲಗಿಸಿ, ಬಾಯಿಗೆ ತೊಟ್ಟು ನೀರನ್ನೂ ಹಾಕಬೇಡಿ, ಉಸಿರು ಕಟ್ಟುತ್ತದೆ.

ದುರ್ಗಮ್ಮ ಗುಳಿಗೆಯನ್ನು ಊರಿಗೆ ತಂದಳು, ಕಾಯಿಲೆಯ ಹೆಸರನ್ನು ತರಲಿಲ್ಲ. ಅಮ್ಮನ ಮಗುವಿಗೆ ನಾಳೆ ಗಂಡು ಸಿಕ್ಕೀತು, ಮೂರ್ಛೆಯ ಹುಡುಗಿಗೆ ಯಾರು ಬರುತ್ತಾರೆ? ಶಿರಸಿಯಲ್ಲಿ ಕೂಲಿಗಿದ್ದ ಮಗಳೂ ಅಳಿಯನೂ, ಹುಡುಗಿಯ ಹೆತ್ತವರು, ಹಾಗೇ ಇರಲಿ ಎಂದರು. ಕಾವ್ಯಶ್ರೀಗೆ ದುರ್ಗಮ್ಮ ಅದು ರಕ್ತ ಆಗುವ ಗುಳಿಗೆ ಎಂದಳು. ದಿನವೂ ಸೆರಗಿನ ಮರೆಯಲ್ಲಿ ಕೊಡುತ್ತಿದ್ದಳು. ಆಮೇಲೆ ಬಂದೇ ಇರಲಿಲ್ಲ.

ಹಾಗಾಗಿಯೇ ಸಿದ್ದಾಪುರದಲ್ಲಿ ಮಕ್ಕಳಿಗೆಂದು ಮಧ್ಯಾಹ್ನದ ಯಕ್ಷಗಾನ ಇದೆ, ದೇವಿ ಮಹಿಷನನ್ನು ಕೊಲ್ಲುವ ಆಟ ಎಂದು ತಿಳಿದಾಗ ದುರ್ಗಮ್ಮನಿಗೆ ಧೈರ್ಯ ಬಂತು. ಕಾವ್ಯಶ್ರೀಯನ್ನೂ ಅವಳ ತಮ್ಮ ಪ್ರಮೋದನನ್ನೂ ಹೊರಡಿಸಿದಳು. ಹೊನ್ನಿಯೂ ಜೊತೆಯಾದಳು.

“ಅಜ್ಜಿ, ಮಹಿಷ ಚಾ ಕುಡಿಯೂವಾಗ ಕೋರೆಹಲ್ಲು ತೆಗೀತಾನಾ?” ಎಂದು ಪ್ರಮೋದ ದಾರಿಯುದ್ದಕ್ಕೂ ಕೇಳಿದ.

“ತೆಗಿಯೂದೆಂತಕ್ಕೆ? ನಿನ್ನನ್ನೇ ಚಾಕ್ಕೆ ಅದ್ದಿ ತಿಂತಾನೆ,” ಎಂದಳು ಹೊನ್ನಿ.

ಕಾವ್ಯಶ್ರೀ ನಗಲಿಲ್ಲ. ಹಬ್ಬದ ಲಂಗ ಉಟ್ಟು ನೆಟ್ಟಗೆ ಕೂತಿದ್ದಳು.

ಆಟ ಶುರುವಾಗಿ ರಂಗದ ಮೇಲೆ ಮಹಿಷ ಕೂಗಿಕೊಂಡು ಬಂದಾಗ ಪ್ರಮೋದ ಅಜ್ಜಿಯ ಸೆರಗಿನೊಳಗೆ ಸೇರಿದ. ದೇವಿಯ ಪ್ರವೇಶಕ್ಕೆ ಚಂಡೆ ಏರಿತು, ಬಣ್ಣದ ದೀಪಗಳು ಹತ್ತಿ ಆರಿ ಹತ್ತಿದವು. ಕಾವ್ಯಶ್ರೀಯ ಕುತ್ತಿಗೆ ಒಂದು ಕಡೆಗೆ ಸೆಟೆಯಿತು. ಕುರ್ಚಿ ಸಮೇತ ಉರುಳಿದಳು.

“ಬಂತು,” ಎಂದಳು ಹೊನ್ನಿ, ಕೈಮುಗಿದು. “ನಮ್ಮೂರ ಹುಡುಗಿ. ಇದ್ರ ಮೈಮೇಲೆ ಅಮ್ಮ ಬರ್ತದೆ.”

ಚಂಡೆ ನಿಂತಿತು. ಯಾರೋ ಕರ್ಪೂರ ಹಚ್ಚಿದರು. ದುರ್ಗಮ್ಮ ಮಗುವನ್ನು ಮಗ್ಗುಲಿಗೆ ಹೊರಳಿಸಲು ನೋಡಿದರೆ ಇಬ್ಬರು ಎತ್ತಿ ಕೂರಿಸಲು ಎಳೆದರು. “ಅಮ್ಮನ್ನ ಮಣ್ಣಿಗೆ ಹಾಕ್ತೀಯನೆ?” ಎಂದು ಬೈದರು. ತೋಟದ ಮನೆಯ ಪರಿಮಳಾ ಎಂಬ ಹಿರಿಯ ಹೆಂಗಸು ವೇಷಧಾರಿಗಳು ಆಟಕ್ಕೆ ಮೊದಲು ಮಾಡಿದ ಗಣಪತಿ ಪೂಜೆಯ ತೀರ್ಥವನ್ನೇ ತಂದಳು. ಒಬ್ಬಳು ಹುಡುಗಿಯ ಗಲ್ಲ ಒತ್ತಿ ಬಾಯಿ ಬಿಡಿಸಿದಳು.

ದುರ್ಗಮ್ಮ ಪರಿಮಳಾಳ ಮುಂಗೈ ಹಿಡಿದಳು. “ಬ್ಯಾಡ ಅಮ್ಮಾ.”

“ತೀರ್ಥ ಬ್ಯಾಡ ಹೇಳ್ತ್ಯನೆ ಮಾರಾಯ್ತಿ?”

ತೀರ್ಥ ತುಂಬಿದ ಉದ್ಧರಣೆ ಹುಡುಗಿಯ ಬಾಯಿಯ ಹತ್ತಿರ ಬಂದಿತ್ತು. ದುರ್ಗಮ್ಮ ಅದನ್ನು ತಳ್ಳಿದಳು. ತೀರ್ಥ ನೆಲಕ್ಕೆ ಚೆಲ್ಲಿತು.

“ಇದು ಅಮ್ಮ ಅಲ್ಲ. ಮೂರ್ಛೆರೋಗ. ಶಿರಸಿ ಡಾಕ್ಟ್ರು ಹೇಳಿದಾರೆ. ಬಾಯಿಗೆ ಏನೂ ಹಾಕಬ್ಯಾಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಎಳೆಯುತ್ತಿದ್ದ ಕೈಗಳು ತಾವಾಗಿ ಬಿಟ್ಟವು. ಯಾರೋ ಕರ್ಪೂರ ಆರಿಸಿದರು. ಕೈಗೆ ಕಬ್ಬಿಣ ಕೊಡಿ ಎಂದರೊಬ್ಬರು. ಗಲ್ಲ ಹಿಡಿದಿದ್ದವಳು ತನ್ನ ಮಗುವನ್ನು ಸೊಂಟಕ್ಕೆಳೆದುಕೊಂಡು ದೂರ ಸರಿದಳು. ಪರಿಮಳಾ ತನ್ನ ಶಾಲನ್ನು ಮಡಿಸಿ ಹುಡುಗಿಯ ತಲೆಯಡಿಗಿಟ್ಟಳು. ನಡುಕ ಇಳಿಯುವವರೆಗೆ ದುರ್ಗಮ್ಮ ಮಗುವಿನ ಬೆನ್ನಿಗೆ ಕೈಯಿಟ್ಟು ಕೂತಿದ್ದಳು. ಆಮೇಲೆ ಚೆಲ್ಲಿದ ತೀರ್ಥವನ್ನು ಸೆರಗಿನಿಂದ ಒರೆಸಿ ಕಣ್ಣಿಗೊತ್ತಿಕೊಂಡಳು.

ಅವರು ಹೊರಗೆ ಬಂದ ಮೇಲೆ ಒಳಗೆ ಚಂಡೆ ಮತ್ತೆ ಶುರುವಾಯಿತು.

“ಮಹಿಷ ಸತ್ನಾ?” ಎಂದ ಪ್ರಮೋದ.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕಾವ್ಯಶ್ರೀಗೆ ಪೂರ್ತಿ ಎಚ್ಚರವಾಯಿತು. ಹೊನ್ನಿ ಆಚೆ ಕಟ್ಟೆಯಲ್ಲಿ ಕೂತು ಪಕ್ಕದ ಖಾಲಿ ಜಾಗದಲ್ಲಿ ತನ್ನ ಚೀಲ ಇಟ್ಟುಕೊಂಡಿದ್ದಳು.

“ಅಜ್ಜಿ, ಅಮ್ಮ ಬಂತಾ?”

ದುರ್ಗಮ್ಮ ಎಲ್ಲವನ್ನೂ ಹೇಳಿದಳು. ಕಾಯಿಲೆಯ ಹೆಸರು, ಗುಳಿಗೆ ಯಾಕೆಂಬುದು, ಜನರೆದುರು ತಾನು ಅಂದ ಮಾತು.

ಹುಡುಗಿ ಹಬ್ಬದ ಲಂಗಕ್ಕೆ ಹತ್ತಿದ ಮಣ್ಣು ಕೊಡವಿದಳು. “ಗುಳಿಗೆ ತಿಂದ್ರೆ ಅಮ್ಮ ಬರೂದಿಲ್ಲ ಅಂತ ನಂಗೆ ಗೊತ್ತಾಗಿತ್ತು. ಆಟದ ದಿನ ಬರ್ಲಿ ಅಂತ ಮೂರು ದಿನದಿಂದ ಉಗೀತಿದ್ದೆ. ನೀನು ಸುಮ್ಮನಿದ್ದಿದ್ರೆ ಅಮ್ಮ ಅಂತ್ಲೇ ಇರ್ತಿತ್ತು.”

ದುರ್ಗಮ್ಮನಿಗೆ ಆಗ ಹೊಳೆಯಿತು: ತಾನು ಮುಚ್ಚಿಟ್ಟದ್ದೇ ಮಗುವನ್ನು ಇಲ್ಲಿಗೆ ತಂದಿತ್ತು.

ತನ್ನ ಚೀಲದಿಂದ ಅವಳು ಗುಳಿಗೆ ತೆಗೆದಳು. ಅಭ್ಯಾಸದಿಂದ ಸೆರಗಿಗೆ ಹೋದ ಕೈಯನ್ನು ಹಿಂದಕ್ಕೆ ತಂದಳು. ಹೊನ್ನಿ ನೋಡುತ್ತಿದ್ದಳು. ಕಾವ್ಯಶ್ರೀ ಅಜ್ಜಿಯನ್ನು ನೋಡದೆ ಗುಳಿಗೆ ತೆಗೆದುಕೊಂಡು ನೀರು ಕುಡಿದಳು.

“ಬಾಯಿ ತೋರ್ಸು ಮಗಾ,” ಎಂದಳು ದುರ್ಗಮ್ಮ. ಹಿಂದೆಂದೂ ಹೀಗೆ ಕೇಳಿರಲಿಲ್ಲ.

ಹುಡುಗಿ ಬಾಯಿ ತೆರೆದಳು, ನಾಲಗೆ ಎತ್ತಿದಳು. ನಿಲ್ಕುಂದದ ಬಸ್ಸು ಬಂದರೂ ಹಾಗೇ ತೆರೆದುಕೊಂಡು ಕೂತಿದ್ದಳು.